ಸೋಮವಾರದ ಚೆಂಡಿನ ವಾಸನೆ

ಕಳೆದ ತಿಂಗಳು ಒಂದು ಶನಿವಾರ ಬೆಳಿಗ್ಗೆ ಸೇಲಂನ ಉಳವರ್ ಸಂದೈಯಲ್ಲಿ, ಎಂದರೆ ರೈತರೇ ತಂದು ಮಾರುವ ಸಂತೆಯಲ್ಲಿ, ಟೊಮೇಟೊ ಆರಿಸುತ್ತಿದ್ದೆ. ಈ ಕೆಲಸದಲ್ಲಿ ನಾನು ಬಹಳ ನಿಧಾನ. ಒಂದೊಂದು ಹಣ್ಣನ್ನೂ ಹಿಡಿದು, ತಿರುಗಿಸಿ, ಒತ್ತಿ ನೋಡಿ ಇಡುವ ನನ್ನನ್ನು ಕಂಡರೆ ಮಾರುವವರಿಗೆ ಆಗುವುದಿಲ್ಲ. ಅವತ್ತು ಬುಟ್ಟಿಯ ತಳದಲ್ಲಿ ಹಸಿರು ತೊಟ್ಟಿನ ಜೊತೆ ಎರಡು ಎಲೆಯೂ ಅಂಟಿಕೊಂಡಿದ್ದ ಒಂದು ಹಣ್ಣು ಸಿಕ್ಕಿತು. ಎಲೆ ಕಿತ್ತು ಬಿಸಾಡಿದೆ. ಬೆರಳಿಗೆ ವಾಸನೆ ಹತ್ತಿತು. ಹಣ್ಣಿನ ವಾಸನೆ ಅಲ್ಲ, ಗಿಡದ್ದು. ಹಸಿಯಾಗಿ, ಕಟುವಾಗಿ, ಮೂಗಿಗೆ ಸ್ವಲ್ಪ ಚುಚ್ಚುವ ಹಾಗಿರುತ್ತದೆ. ನಿಮಗಾದರೆ ತೋಟ ನೆನಪಾಗಬಹುದು, ಸಾರು ನೆನಪಾಗಬಹುದು. ನನಗೆ ಬಾಸ್ಕೆಟ್‌ಬಾಲ್ ನೆನಪಾಗುತ್ತದೆ. ನಗಬೇಡಿ, ಕಾರಣ ಇದೆ.

ನಾನು ಓದಿದ್ದು ಸೇಲಂನ ಒಂದು ಮಹಿಳಾ ಕಾಲೇಜಿನಲ್ಲಿ. ಅಲ್ಲಿ ನಮ್ಮ ತಂಡದ ಚೆಂಡು ವಾರವಿಡೀ ರಬ್ಬರಿನ ವಾಸನೆ, ಬೆವರಿನ ವಾಸನೆ ಹೊಡೆಯುತ್ತಿತ್ತು. ಸೋಮವಾರ ಮಾತ್ರ ಟೊಮೇಟೊ ಗಿಡದ ವಾಸನೆ. ಯಾಕೆಂದರೆ ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದ ಮಾದೇಶ್ವರಿ, ಶನಿವಾರ ಹಾಸ್ಟೆಲಿನಿಂದ ಪಾಲಕೋಡಿನ ಹತ್ತಿರದ ತನ್ನ ಹಳ್ಳಿಗೆ ಹೋಗಿ, ಭಾನುವಾರ ಇಡೀ ದಿನ ಹಣ್ಣು ಬಿಡಿಸಿ, ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ಟೊಮೇಟೊ ಗಿಡದ ಕರೆ ಬೆರಳಿಗೆ ಹತ್ತಿದರೆ ಸೋಪಿಗೂ ಜಗ್ಗುವುದಿಲ್ಲ. ಮೊದಲು ಹಳದಿ, ಆಮೇಲೆ ಕಪ್ಪು. ಅವಳ ಕೈಯಿಂದ ಚೆಂಡಿಗೆ, ಚೆಂಡಿನಿಂದ ನಮ್ಮೆಲ್ಲರ ಕೈಗೆ. ಸೋಮವಾರ ರಾತ್ರಿ ಊಟಕ್ಕೆ ಕೂತರೆ ಮೊಸರನ್ನಕ್ಕೂ ಪಾಲಕೋಡಿನ ವಾಸನೆ ಬರುತ್ತಿತ್ತು.

ಮಾದೇಶ್ವರಿ ಎಂದೆನಲ್ಲ, ಆ ಹೆಸರಿನಿಂದ ಅವಳನ್ನು ಕರೆದವರು ಯಾರೂ ಇಲ್ಲ. ನಮಗೆ ಆಟ ಕಲಿಸುತ್ತಿದ್ದ ದೈಹಿಕ ಶಿಕ್ಷಣದ ಮೇಡಂಗೆ, ಎಲ್ಲರೂ ಪಿ.ಡಿ. ಮೇಡಂ ಎನ್ನುತ್ತಿದ್ದೆವು, ಹುಡುಗಿಯರ ಹೆಸರು ನೆನಪಿರುತ್ತಿರಲಿಲ್ಲ. ತಪ್ಪು ಅವರದಲ್ಲ. ನಮ್ಮ ತಂಡದಲ್ಲಿ ಮೂವರು ಪ್ರಿಯಾ, ಇಬ್ಬರು ಕವಿತಾ. ಅದಕ್ಕೆ ಅವರು ಸುಲಭದ ದಾರಿ ಹುಡುಕಿದ್ದರು. ಸೇರಿದ ಮೊದಲ ದಿನ ಸಾಲಾಗಿ ನಿಲ್ಲಿಸಿ, ಯಾವ ಊರು ಎಂದು ಕೇಳಿ, ಅದನ್ನೇ ಹೆಸರು ಮಾಡಿಬಿಡುತ್ತಿದ್ದರು. ಆಟ ನಡೆಯುವಾಗ ನೀವು ಬೇಲಿಯ ಆಚೆ ನಿಂತು ಕೇಳಿದ್ದರೆ ಗಾಬರಿಯಾಗುತ್ತಿದ್ದಿರಿ. “ಕಡಯಂಪಟ್ಟಿ, ಓಡು! ತೊಪ್ಪೂರು ಯಾಕೆ ಬಿದ್ದುಕೊಂಡಿದೆ? ಮೇಚೇರಿ, ಪಾಲಕೋಡಿಗೆ ಕೊಡು!”

ಊರುಗಳು ಬರೀ ಹೆಸರಾಗಿ ಉಳಿಯಲಿಲ್ಲ. ಮೇಚೇರಿಯ ಹುಡುಗಿ ಕುರಿ ಹಿಂದೆ ಓಡಿ ಬೆಳೆದವಳು. ಅಂಗಳದ ಈ ತುದಿಯಿಂದ ಆ ತುದಿಗೆ ಅವಳನ್ನು ಹಿಡಿಯುವವರೇ ಇರಲಿಲ್ಲ. ತೊಪ್ಪೂರಿನವಳ ಮನೆ ಘಾಟಿಯ ಹೆದ್ದಾರಿಗೆ ಅಂಟಿಕೊಂಡಿತ್ತು, ಲಾರಿ ಹಾರ್ನ್ ಕೇಳದಿದ್ದರೆ ಅವಳಿಗೆ ನಿದ್ದೆ ಬಾರದು, ಹಾಗಾಗಿ ಗ್ಯಾಲರಿಯಲ್ಲಿ ಎಷ್ಟು ಕೂಗಾಡಿದರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕಡಯಂಪಟ್ಟಿಯವಳು ದಿನಾ ಮೊಳದುದ್ದ ಕನಕಾಂಬರ ಮುಡಿದು ಬಂದು ಎಲ್ಲರಿಗೂ ತುಂಡು ಮಾಡಿ ಹಂಚುವಳು. ಆಟದಲ್ಲಿ ಹೂವು ಮುಡಿಯಬಾರದೆಂದು ಮೇಡಂ ಗದರಿದರೆ ಎಲ್ಲರದ್ದೂ ಬಿಚ್ಚಿ ರಿಂಗಿನ ಕಂಬಕ್ಕೆ ಸುತ್ತುತ್ತಿದ್ದೆವು. ನಾಲ್ಕೂವರೆಯಿಂದ ಐದೂವರೆಯವರೆಗೆ ಆ ಕಂಬ ಪೂಜೆ ಮಾಡಿಸಿಕೊಂಡ ಹಾಗೆ ಇರುತ್ತಿತ್ತು. ಐದೂವರೆಗೆ ಎಲ್ಲರೂ ಹೂವು ಕಿತ್ತುಕೊಂಡು ಬಸ್ಸಿಗೆ ಓಡುವವರು.

ಇನ್ನು ನಾನು. ನನಗೆ ಊರೇ ಇರಲಿಲ್ಲ. ಸೇಲಂ ಪಟ್ಟಣದಲ್ಲೇ ಹುಟ್ಟಿ ಬೆಳೆದವಳು, ಅಪ್ಪ ಸರ್ಕಾರಿ ಕಚೇರಿಯಲ್ಲಿ, ಮನೆ ಕಾಲೇಜಿನಿಂದ ಹತ್ತು ನಿಮಿಷದ ನಡಿಗೆ. ಮೇಡಂ ನನ್ನನ್ನು ಕೇಳಿದಾಗ “ಇಲ್ಲೇ ಮೇಡಂ” ಎಂದೆ. “ಲೋಕಲ್” ಎಂದು ಬರೆದುಕೊಂಡರು. ಅಷ್ಟೇ, ಮೂರು ವರ್ಷ ನಾನು ಲೋಕಲ್. ತಂಡದೊಳಗೆ ಬಂದದ್ದೂ ಅದೇ ಅರ್ಹತೆಯಿಂದ. ಬಸ್ಸು ಹಿಡಿಯುವ ಆತುರವಿಲ್ಲ, ಯಾವಾಗ ಕರೆದರೂ ಸಿಗುತ್ತಾಳೆ. ಕೈಗೆ ಬಂದ ಚೆಂಡನ್ನು ಬಿಡುವುದರಲ್ಲಿ ನನ್ನನ್ನು ಮೀರಿಸುವವರು ಜಿಲ್ಲೆಯಲ್ಲಿ ಇರಲಿಲ್ಲ. ನನ್ನಲ್ಲಿದ್ದದ್ದು ಒಂದೇ, ಗಂಟಲು. ಒಮ್ಮೆ ಕೂಗಿದರೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುವವರು ತಿರುಗಿ ನೋಡುತ್ತಿದ್ದರು.

ಪಾಲಕೋಡಿನವಳ ಕೈಯ ಬಗ್ಗೆ ಹೇಳದಿದ್ದರೆ ಈ ಬರಹವೇ ದಂಡ. ಅವಳು ಚೆಂಡು ಹಿಡಿದರೆ ಸದ್ದಾಗುತ್ತಿರಲಿಲ್ಲ. ನಾವು ಹಿಡಿದರೆ ಚಟ್ ಎನ್ನುತ್ತಿತ್ತು, ಬೆರಳು ಸೊಟ್ಟಗಾಗುತ್ತಿತ್ತು. ಅವಳ ಕೈಗೆ ಅದು ಬಂದು ಕೂತುಬಿಡುತ್ತಿತ್ತು. ಹಣ್ಣು ಬಿಡಿಸುವಾಗ ನೋಯಿಸಬಾರದೆಂದು ಚಿಕ್ಕಂದಿನಿಂದ ಕಲಿತ ಕೈ. ಬಿಡಿಸುತ್ತಲೇ ಕೊಳೆತದ್ದನ್ನು ಬದುವಿನ ಮೇಲಿನ ಗುಡ್ಡೆಗೆ ಬೀಸಿ ಎಸೆಯುವುದು, ಅದೂ ತಲೆ ಎತ್ತದೆ. ಆ ಎಸೆತವೇ ರಿಂಗಿಗೂ ಬಂದಿತ್ತು. ಎತ್ತರಕ್ಕೆ ಹೋಗಿ, ಅವಸರವಿಲ್ಲದೆ ಇಳಿದು, ಬಲೆಯೊಳಗೆ ಬೀಳುತ್ತಿತ್ತು. ಅವಳ ಆಟ ನೋಡುವಾಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು ಎಂದು ಹೇಳಿದರೆ ಸುಳ್ಳಲ್ಲ, ಆದರೆ ಸಂತೋಷವೇ ಹೆಚ್ಚು.

ನಾವಿಬ್ಬರೂ ಒಂದೂವರೆ ವರ್ಷ ತಮಿಳಿನಲ್ಲಿ ಮಾತಾಡಿಕೊಂಡೆವು. ನಮ್ಮ ಮನೆಯಲ್ಲಿ ಕನ್ನಡ. ಅಮ್ಮ ಮೈಸೂರು ಕಡೆಯವಳು, ಬೇಸಿಗೆ ರಜೆಯಲ್ಲಿ ಕಿವಿ ಹಿಂಡಿ ಅಕ್ಷರವನ್ನೂ ಕಲಿಸಿದ್ದಳು. ಆದರೆ ಹೊಸಲು ದಾಟಿದರೆ ತಮಿಳು. ಚಪ್ಪಲಿ ಹಾಕಿಕೊಂಡಷ್ಟೇ ಸಹಜವಾಗಿ. ಒಂದು ಸಂಜೆ ಗೇಟಿನ ಹತ್ತಿರ ಅಮ್ಮನ ಫೋನು ಬಂತು. “ಬರ್ತೀನಮ್ಮ, ಇನ್ನೂ ಬೆಳಕಿದೆ, ಸುಮ್ನಿರು” ಎಂದು ಇಟ್ಟು ತಿರುಗಿದರೆ ಹಿಂದೆ ಪಾಲಕೋಡ್ ನಿಂತಿದ್ದಳು, ಕಣ್ಣು ಇಷ್ಟಗಲ ಮಾಡಿಕೊಂಡು.

“ನೀ ಕನ್ನಡದೋಳಾ?”

“ನೀನೂನಾ?”

“ಅಯ್ಯೋ ಪಾಪಿ! ಒಂದೂವರೆ ವರ್ಸ ಬಾಯಿ ನೋಯೋ ಅಂಗೆ ತಮಿಳ್ ಮಾತಾಡ್ಸಿದ್ಯಲ್ಲೇ. ಮೊದ್ಲೇ ಯೋಳೋಕೆ ಏನಾಗಿತ್ತು ನಿಂಗೆ?”

ಬಾಯಿ ನೋವಿನ ಮಾತು ಬರೀ ನಾಟಕ, ಅವಳ ತಮಿಳು ನನ್ನದಕ್ಕಿಂತ ಚೆನ್ನಾಗಿತ್ತು. ಆದರೂ ಅಂದಿನಿಂದ ನಾವಿಬ್ಬರೂ ಬದಲಾದೆವು. ಆಟದಲ್ಲೂ ಬಾಯಿಗೆ ಕನ್ನಡವೇ ಬರತೊಡಗಿತು. ನಾನು ಚೆಂಡು ಹಿಡಿದು “ಎಡಕ್ಕೆ!” ಎಂದರೆ ಅವಳು ಎಡಕ್ಕೆ. “ಹಿಂದೆ ಹೋಗು, ಮೇಲಿಂದ ಕೊಡ್ತೀನಿ!” ಎಂದರೆ ಎದುರಾಳಿಗಳು ಪಿಳಿಪಿಳಿ ಕಣ್ಣು ಬಿಡುವಷ್ಟರಲ್ಲಿ ಅವಳು ರಿಂಗಿನ ಕೆಳಗೆ. ಮೇಚೇರಿ, ತೊಪ್ಪೂರು, ಕಡಯಂಪಟ್ಟಿ ಕೂಡ ಹತ್ತು ಮಾತು ಕಲಿತರು. ನಾವು ಗೆಲ್ಲತೊಡಗಿದೆವು. ಪಿ.ಡಿ. ಮೇಡಂ, “ಎನ್ನ ಭಾಷೆ ವೇಣುಮ್ನಾಲುಂ ಪೇಸುಂಗಮ್ಮಾ, ಜೆಯಿಚ್ಚಾ ಪೋದುಂ” ಎಂದರು; ಯಾವ ಭಾಷೆ ಬೇಕಾದರೂ ಆಡಿಕೊಳ್ಳಿ, ಗೆದ್ದರೆ ಸಾಕು ಅಂತ. ಮೊದಲ ಸಲ ನನ್ನ ಗಂಟಲಿಗೆ ಬೆಲೆ ಬಂದಿತ್ತು. ಬೆಂಚಿನ ಮೇಲೆ ಕೂರುತ್ತಿದ್ದವಳು ಮೊದಲ ಐವರಲ್ಲಿ ಬಂದೆ, ನನಗಿಂತ ಎರಡು ಪಟ್ಟು ಚೆನ್ನಾಗಿ ಆಡುವ ಮೇಚೇರಿ ಬೆಂಚಿಗೆ ಹೋದಳು. ಅವಳು ಬೇಸರ ತೋರಿಸಲಿಲ್ಲ. ತೋರಿಸಿದ್ದರೆ ಚೆನ್ನಾಗಿತ್ತೇನೋ ಎಂದು ಈಗ ಅನ್ನಿಸುತ್ತದೆ.

ಕೊನೆಯ ವರ್ಷ ಕಾಲೇಜುಗಳ ನಡುವಿನ ಪಂದ್ಯದಲ್ಲಿ ಫೈನಲ್ ತಲುಪಿದೆವು. ಎದುರಿಗೆ ನಾಮಕ್ಕಲ್ ಕಡೆಯ ಒಂದು ಕಾಲೇಜು. ವಿಶ್ವವಿದ್ಯಾಲಯದ ತಂಡಕ್ಕೆ ಆಟಗಾರರನ್ನು ಆರಿಸುವವರು ಅವತ್ತು ಮೇಜು ಹಾಕಿಕೊಂಡು ಕೂತಿದ್ದರು. ನಮಗೆಲ್ಲ ಅದು ಒಂದು ಕಪ್, ಒಂದು ಫೋಟೋ. ಪಾಲಕೋಡಿಗೆ ಹಾಗಲ್ಲ. ಅವಳಪ್ಪ ಒಂದು ಮಾತು ಕೊಟ್ಟಿದ್ದರು. ಯೂನಿವರ್ಸಿಟಿ ಟೀಮಿಗೆ ಸೇರಿದರೆ ಮುಂದೆ ಡ್ರಿಲ್ ಟೀಚರ್ ಓದಿಗೆ ಕಳಿಸುತ್ತೇನೆ, ಇಲ್ಲವಾದರೆ ಡಿಗ್ರಿ ಮುಗಿಸಿ ಮನೆಗೆ ಬಂದು ತೋಟ ನೋಡಿಕೋ ಎಂದು. ಅವಳಿಗೆ ತಮ್ಮೂರ ಶಾಲೆಯಲ್ಲೇ ಡ್ರಿಲ್ ಟೀಚರ್ ಆಗಬೇಕಿತ್ತು. ಹಿಂದಿನ ದಿನ ನನಗೆ ಹೇಳಿದ್ದಳು: “ನಮ್ಮೂರ್ ಇಸ್ಕೂಲಲ್ಲಿ ಎಣ್ ಮಕ್ಳಿಗೆ ಒಂದ್ ಬಾಲೂ ಇಲ್ಲ ಕಣೇ. ನಾ ಓದ್ರೆ ಎಲ್ಲಾ ಮಾಡ್ತೀನಿ. ನಾಳೆ ಸರಿಯಾಗ್ ಕೂಗು, ಸಾಕು.”

ಕೂಗಿದೆ. ಅರ್ಧ ಆಟದವರೆಗೆ ನಾವು ಆರು ಪಾಯಿಂಟ್ ಮುಂದೆ. ಆದರೆ ವಿರಾಮಕ್ಕೆ ಮುಂಚಿನ ಕೆಲವು ನಿಮಿಷಗಳಲ್ಲಿ ನಾನು ಪಾಲಕೋಡಿಗೆ ಕೊಟ್ಟ ಎರಡು ಪಾಸನ್ನು ಅವರ ಏಳನೇ ನಂಬರಿನ ಹುಡುಗಿ ಮಧ್ಯದಲ್ಲೇ ಕಿತ್ತುಕೊಂಡಿದ್ದಳು. ವಿರಾಮದಲ್ಲಿ ನೀರು ಕುಡಿಯಲು ನಲ್ಲಿಯ ಹತ್ತಿರ ಹೋದೆ. ಆ ಏಳನೇ ನಂಬರು ಗೋಡೆಗೆ ಒರಗಿ ಫೋನಿನಲ್ಲಿದ್ದಳು.

“ಇನ್ನ ಅರ್ಧ ಆಟ ಐತೆ ಅವ್ವಾ. ಇಲ್ಲ, ಬಿದ್ದಿಲ್ಲ. ತಾಳವಾಡಿ ಬಸ್ಸು ನಾಳೆನೇ ಸಿಕ್ಕೋದು. ಇಲ್ಲಿ ಒಬ್ಳು ನಮ್ ಮಾತಲ್ಲೇ ಕಿರುಚ್ಕೊಂಡು ಆಡ್ತಾವ್ಳೆ, ಎಲ್ಲಾ ತಿಳೀತೈತೆ ನಂಗೆ” ಎಂದು ನಕ್ಕಳು.

ತಾಳವಾಡಿ ಈರೋಡ್ ಜಿಲ್ಲೆಯ ಬೆಟ್ಟದ ಮೇಲಿನ ಊರು. ಅಲ್ಲೆಲ್ಲ ಕನ್ನಡವೇ. ಅಲ್ಲಿನ ಹುಡುಗಿಯೊಬ್ಬಳು ನಾಮಕ್ಕಲ್ಲಿಗೆ ಬಂದು ಓದುತ್ತಾಳೆಂದು ಯಾರಿಗೆ ಗೊತ್ತು? ಕನ್ನಡ ನಮ್ಮಿಬ್ಬರ ಗುಟ್ಟು ಎಂದುಕೊಂಡಿದ್ದೆವು, ಈ ಕಡೆಯ ಬೆಟ್ಟ ಹಳ್ಳಗಳಲ್ಲೆಲ್ಲ ಕನ್ನಡ ಆಡುವವರು ಇದ್ದಾರೆಂಬುದನ್ನೇ ಮರೆತು. ಅಂಥ ಪೆದ್ದುತನ ನಮಗೇ ಸಾಧ್ಯ.

ಪೆದ್ದುತನವನ್ನು ಕ್ಷಮಿಸಬಹುದು. ಮುಂದಿನದು ಪೆದ್ದುತನವಲ್ಲ. ನಾನು ಹಿಂತಿರುಗಿ ಬಂದು ಯಾರಿಗೂ ಹೇಳಲಿಲ್ಲ. ಕನ್ನಡ ಬಿಡೋಣ ಎಂದರೆ ನನ್ನ ಕೂಗಿಗೆ ಕೆಲಸವಿಲ್ಲ, ಕೂಗಿಗೆ ಕೆಲಸವಿಲ್ಲದಿದ್ದರೆ ಮೇಚೇರಿ ಒಳಗೆ, ನಾನು ಬೆಂಚಿಗೆ. ಗ್ಯಾಲರಿಯಲ್ಲಿ ಮೊದಲ ಸಲ ನನ್ನ ಆಟ ನೋಡಲು ಅಪ್ಪ ಬಂದಿದ್ದರು, ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಒಬ್ಬಳಿಗೆ ತಿಳಿದರೆ ಏನು ಮಹಾ ಎಂದು ನನಗೆ ನಾನೇ ಹೇಳಿಕೊಂಡೆ. ಸೀಟಿ ಊದಿದರು.

ಆಮೇಲಿನ ಅರ್ಧ ಆಟವನ್ನು ಬಿಡಿಸಿ ಹೇಳುವುದು ನನ್ನಿಂದಾಗದು. ನಾನು “ಎಡಕ್ಕೆ” ಎಂದಾಗಲೆಲ್ಲ ಏಳನೇ ನಂಬರು ಎಡಗಡೆ ಮೊದಲೇ ನಿಂತಿರುತ್ತಿದ್ದಳು. ಪಾಲಕೋಡಿಗೆ ಚೆಂಡೇ ಸಿಗಲಿಲ್ಲ. ಸಿಕ್ಕ ಎರಡು ಸಲವೂ ಎದುರಿಗೆ ಕೈಗಳ ಗೋಡೆ. ಕೊನೆಗೆ ಗಾಬರಿಯಲ್ಲಿ ಎಸೆದದ್ದು ಬೋರ್ಡಿಗೂ ತಾಗಲಿಲ್ಲ. ನಾಲ್ಕು ಪಾಯಿಂಟಿನಲ್ಲಿ ಸೋತೆವು. ಆರಿಸಿದವರ ಪಟ್ಟಿಯಲ್ಲಿ ಏಳನೇ ನಂಬರಿನವಳಿದ್ದಳು, ಮಾದೇಶ್ವರಿ ಇರಲಿಲ್ಲ. ಅವಳು ಅಳಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ತನ್ನ ಕೈ ನೋಡಿಕೊಂಡು, “ಇವತ್ ಯಾಕೋ ಕೈಯೇ ಓಡ್ಲಿಲ್ಲ ಕಣೇ” ಎಂದಳು. ಆಗಲೂ ಹೇಳಬಹುದಿತ್ತು. “ಪರವಾಗಿಲ್ಲ ಬಿಡು” ಎಂದೆ ನಾನು. ಅವಳು ಡಿಗ್ರಿ ಮುಗಿಸಿ ಊರಿಗೆ ಹೋದಳು, ತೋಟ ನೋಡಿಕೊಂಡಳು. ನಾನು ಇಲ್ಲೇ ಒಂದು ವಿಮಾ ಕಚೇರಿಯಲ್ಲಿ ಕೂತೆ, ಲೋಕಲ್ ಆಗಿಯೇ.

ಹನ್ನೊಂದು ವರ್ಷ. ಈ ನಡುವೆ ನಮ್ಮ ತಂಡಕ್ಕೊಂದು ವಾಟ್ಸಾಪ್ ಗುಂಪು ಹುಟ್ಟಿತು. ಅದಕ್ಕೆ “ನ್ಯೂ ಬಸ್ ಸ್ಟ್ಯಾಂಡ್” ಎಂದು ತೊಪ್ಪೂರು ಹೆಸರಿಟ್ಟಳು, ಎಲ್ಲ ಊರುಗಳೂ ಬಂದು ಸೇರುವ ಜಾಗ ಎಂದು. ಪಾಲಕೋಡ್ ಅದರಲ್ಲಿ ಹೆಚ್ಚು ಮಾತಾಡುವವಳಲ್ಲ. ಕಳೆದ ವರ್ಷ ಒಂದು ಫೋಟೋ ಹಾಕಿದ್ದಳು. ಊರ ಶಾಲೆಯ ಬಯಲಿನಲ್ಲಿ ಒಂದು ಕಬ್ಬಿಣದ ಕಂಬ, ಅದರ ತುದಿಗೆ ಹಳೆಯ ಡ್ರಮ್ಮಿನ ಬಳೆ ಬೆಸೆದು ಮಾಡಿದ ರಿಂಗು, ಕೆಳಗೆ ಎಂಟು ಹತ್ತು ಹುಡುಗಿಯರು. ಭಾನುವಾರ ಸಂಜೆ ಕಲಿಸುತ್ತಾಳಂತೆ, ಯಾರೂ ಕೇಳದೆ. ನಾವೆಲ್ಲ ಹೂವು, ಚಪ್ಪಾಳೆ ಕಳಿಸಿದೆವು. ನಾನು ಎರಡು ಚಪ್ಪಾಳೆ ಹೆಚ್ಚಾಗಿಯೇ ಕಳಿಸಿದೆ.

ಸಂತೆಯ ಆ ವಾಸನೆ ಬೆರಳಿಗೆ ಹತ್ತಿದ ದಿನ ಕೈ ಎಷ್ಟು ತೊಳೆದರೂ ಹೋಗಲಿಲ್ಲ. ಮರುದಿನ ಭಾನುವಾರ. ಧರ್ಮಪುರಿ ಬಸ್ಸು ಹತ್ತಿಬಿಟ್ಟೆ. ಆ ದಾರಿಯಲ್ಲಿ ಹೋದವರಿಗೆ ಗೊತ್ತು: ಮೊದಲು ಓಮಲೂರು, ಆಮೇಲೆ ಕಡಯಂಪಟ್ಟಿಗೆ ತಿರುಗುವ ಬೋರ್ಡು, ಆಮೇಲೆ ಬ್ರೇಕು ಸುಟ್ಟ ವಾಸನೆಯ ತೊಪ್ಪೂರು ಘಾಟಿ. ಕಂಡಕ್ಟರ್ ಒಂದೊಂದು ಸ್ಟಾಪಿನ ಹೆಸರು ಕೂಗಿದಾಗಲೂ ಪಿ.ಡಿ. ಮೇಡಂ ಹಾಜರಿ ತೆಗೆದುಕೊಳ್ಳುತ್ತಿದ್ದಾರೆ ಅನ್ನಿಸುತ್ತಿತ್ತು. ಹಾಜರಿಯಲ್ಲಿ ನನ್ನ ಹೆಸರು ಮಾತ್ರ ಎಲ್ಲೂ ಬರಲಿಲ್ಲ.

ಪಾಲಕೋಡ್ ತೋಟದ ಅಂಚಿನಲ್ಲಿ ಕೂತು ಮರುದಿನದ ಮಾರ್ಕೆಟ್ಟಿಗೆ ಹಣ್ಣು ವಿಂಗಡಿಸುತ್ತಿದ್ದಳು. ಸ್ವಲ್ಪ ದಪ್ಪಗಾಗಿದ್ದಳು. ಕೈ ಮಾತ್ರ ಅದೇ, ಕರೆ ಹತ್ತಿದ ಬೆರಳುಗಳು.

“ಬಾ ಲೋಕಲ್! ಏನಿದು, ಯೋಳ್ದೆ ಕೇಳ್ದೆ? ಕೂಕ್ಕೋ.” ನಾನು ಒಂದು ಟೊಮೇಟೊ ಎತ್ತಿಕೊಂಡೆ. “ತಿರುಗ್ಸಿ ತಿರುಗ್ಸಿ ನೋಡ್ಬೇಡ, ತಕ್ಕಾಳಿ ಕಣೇ ಅದು, ನೋಯ್ತದೆ.”

ಕೂತೆ. ಸ್ವಲ್ಪ ಹೊತ್ತು ಮಕ್ಕಳು, ಮನೆ, ಮೊಣಕಾಲು ನೋವು ಎಲ್ಲ ಆಯಿತು. ಆಮೇಲೆ ಹೇಳಿಬಿಟ್ಟೆ. ನಲ್ಲಿ, ತಾಳವಾಡಿಯವಳು, ಫೋನು, ಎಲ್ಲ. ಅವಳ ಕೈ ನಿಂತಿತು.

“ಆಫ್ ಟೈಮಲ್ಲೇ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ಯಾಕ್ ಯೋಳ್ಲಿಲ್ಲ?”

“ಹೇಳಿದ್ರೆ ಮೇಚೇರಿ ಒಳಗೆ ಬರ್ತಿದ್ಳು. ಅಪ್ಪ ನೋಡೋಕೆ ಬಂದಿದ್ರು.”

ಅವಳು ತನ್ನ ಕೈಗಳನ್ನು ಮುಂದೆ ಚಾಚಿ, ಬೇರೆ ಯಾರದೋ ಎಂಬಂತೆ ತಿರುಗಿಸಿ ನೋಡಿದಳು. “ಅನ್ನೊಂದು ವರ್ಸ ಕಣೇ,” ಎಂದಳು. “ಅನ್ನೊಂದು ವರ್ಸ ನನ್ ಕೈಯೇ ಸರಿಗಿಲ್ಲ ಅಂದ್ಕಂಡಿದ್ದೆ. ಅವತ್ತಿಂದ ಒಂದ್ ಸಲನೂ ರಿಂಗಿಗೆ ಎಸ್ದಿಲ್ಲ ನಾನು.”

ನನಗೆ ಅಳು ಬಂತು. ಅದು ಮುಗಿಯುವ ಮೊದಲೇ ಅವಳು ಕೊಳೆತ ಗುಡ್ಡೆಯಿಂದ ಒಂದು ಹಣ್ಣು ಎತ್ತಿ ಬೀಸಿದಳು. ಕ್ಷಮೆ ಕೇಳುವವಳ ಗಾಂಭೀರ್ಯದಿಂದ ನಾನು ಕೈಕಟ್ಟಿ ನಿಂತೆ ಎಂದು ಬರೆಯಬಹುದಿತ್ತು. ನಿಜ ಏನೆಂದರೆ ಹಿಡಿಯಲು ಎರಡೂ ಕೈ ಎತ್ತಿದೆ, ಎಂದಿನಂತೆ ಕೈ ತಪ್ಪಿತು. ಹಣ್ಣು ಎದೆಯ ಮೇಲೆ ಒಡೆದು ಕುರ್ತಾದ ತುಂಬ ಇಳಿಯಿತು.

“ಇದ್ ಅವತ್ತಿಂದು,” ಎಂದಳು. ನಗಲಿಲ್ಲ. ಎದ್ದು ಮನೆಯೊಳಗೆ ಹೋದಳು. ನನಗೆ ಹೊರಡಬೇಕೋ ಕೂರಬೇಕೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಂದು ಚೊಂಬು ನೀರು, ಒಂದು ಟವಲು, ಕಂಕುಳಲ್ಲಿ ಒಂದು ಚೆಂಡು ಹಿಡಿದುಕೊಂಡು ಬಂದಳು. “ಒರಸ್ಕೋ. ಉಡ್ಗೀರ್ ಬರೋ ಒತ್ತಾಯ್ತು.”

ಶಾಲೆಯ ಬಯಲಿಗೆ ಹೋದೆವು. ಸುತ್ತಲಿನ ಹಟ್ಟಿಗಳಿಂದ ಬಂದ ಹುಡುಗಿಯರು ನನ್ನ ಕುರ್ತಾ ನೋಡಿ ಕಿಸಿಕಿಸಿ ನಕ್ಕರು. ಅವಳು ಅವರನ್ನು ಕರೆಯುತ್ತಿದ್ದದ್ದು ಹಟ್ಟಿಯ ಹೆಸರಿನಿಂದಲೇ. ಚೆಂಡು ನೆಲಕ್ಕೆ ಎರಡು ಸಲ ಕುಟ್ಟಿ, ಯಾರಿಗೂ ಕೊಡದೆ, ಗೆರೆಯ ಹತ್ತಿರ ನಿಂತಳು. “ಅಕ್ಕ ಎಸೀತಾವ್ಳೆ!” ಎಂದು ಒಂದು ಹುಡುಗಿ ಪಿಸುಗುಟ್ಟಿತು. ಮೊದಲನೆಯದು ಕಂಬಕ್ಕೆ ಬಡಿಯಿತು. ಎರಡನೆಯದು, ಮೂರನೆಯದು ರಿಂಗಿನ ಅಂಚಿಗೆ. ನಾಲ್ಕನೆಯದು ಎತ್ತರಕ್ಕೆ ಹೋಗಿ, ಅವಸರವಿಲ್ಲದೆ ಇಳಿದು, ಒಳಗೆ ಬಿತ್ತು. ಹುಡುಗಿಯರು ಕುಣಿದರು.

“ರಿಂಗೇ ದೊಡ್ದು,” ಎಂದಳು ಪಾಲಕೋಡ್, ಕಣ್ಣೊರಸಿಕೊಳ್ಳುತ್ತ.

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಬಸ್ಸಿಗೆ ಬಿಡಲು ಬಂದವಳು, “ಬರೋ ಭಾನ್ವಾರ ಬಾ,” ಎಂದಳು. “ಇವಕ್ಕೆ ಓಡೋಕ್ ಬತ್ತದೆ, ಎಸ್ಯೋಕ್ ಬತ್ತದೆ, ಕೂಗೋಕ್ ಬರಾಕಿಲ್ಲ. ಕಲ್ಸು.”

ಕುರ್ತಾವನ್ನು ಮೂರು ಸಲ ಒಗೆದಿದ್ದೇನೆ, ಕಲೆ ಹಾಗೇ ಇದೆ. ಇವತ್ತು ಅದನ್ನೇ ಹಾಕಿಕೊಂಡು ಹೊರಟೆ. ಇದು ನಾಲ್ಕನೇ ಭಾನುವಾರ. ಧರ್ಮಪುರಿಯಲ್ಲಿ ಬಸ್ಸು ಬದಲಿಸಿ ಕೂತಿದ್ದೇನೆ, ಬೆರಳು ಮೂಸಿ ನೋಡಿದರೆ ಕಳೆದ ವಾರದ ವಾಸನೆ ಇನ್ನೂ ಇದೆ. ಕಂಡಕ್ಟರ್ ಹತ್ತಿರ ಬಂದು “ಎಂಗಮ್ಮಾ?” ಎಂದ, ಎಲ್ಲಿಗೆ ಅಂತ. “ಪಾಲಕೋಡ್!” ಎಂದೆ, ಹನ್ನೊಂದು ವರ್ಷದ ಹಿಂದಿನ ಅದೇ ಗಂಟಲಿನಲ್ಲಿ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.